ಕೆಲಸ ಸಿಕ್ಕ ಮರುದಿನ

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಪತ್ರಿಕೆಯ ಪುಟಗಳು ಸಾಲುವುದಿಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳಿಂದ ಭಾವಚಿತ್ರಗಳು ಬರುತ್ತವೆ. ಅಂಕ, ಹಾರ, ಸನ್ಮಾನಗಳ ಸುದ್ದಿ ಬರುತ್ತದೆ. ಆಗಲೇಬೇಕಾದ ಸಂಭ್ರಮವದು. ಆದರೆ ಐದನೆಯ ತರಗತಿಯ ಹಾಜರಿ ಪುಸ್ತಕದಲ್ಲಿದ್ದು ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಇಲ್ಲವಾದ ಹೆಸರುಗಳನ್ನು ನಾವಾರೂ ಎಣಿಸುವುದಿಲ್ಲ. ಈ ವಾರದ ಅಂಕಣ ಅವರನ್ನು ಕುರಿತದ್ದು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟು ತಂದೆತಾಯಿಯರೊಡನೆ ಕಬ್ಬು ಕಡಿಯಲು ಹೋದವನು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ದಸರೆಯ ಹೊತ್ತಿಗೆ ಮುಕಾದಮನಿಂದ ಮುಂಗಡ ಪಡೆದು ಹೊರಟ ಕುಟುಂಬ ಮರಳುವುದು ಯುಗಾದಿಯ ಆಸುಪಾಸಿಗೆ. ಅಷ್ಟರಲ್ಲಿ ಶಾಲೆಯ ವರ್ಷವೇ ಮುಗಿಯುತ್ತ ಬಂದಿರುತ್ತದೆ. ಹೀಗೆ ಮೂರು ಹಂಗಾಮು ಕಳೆದು ಅವನಿಗೆ ಹದಿನೆಂಟು ತುಂಬಿತ್ತು.

"ಗುರುಗಳ, ಎಲ್ಲ್ಯಾರ ಕಾಯಂ ಕೆಲಸ ಹಚ್ಚಿಕೊಡ್ರಿ. ಕಬ್ಬಿಗೆ ಹೋಗೂದು ಸಾಕಾಗೇತ್ರಿ" ಎಂದ.

ಸೊಲ್ಲಾಪುರದಲ್ಲಿ ಟವೆಲ್ ನೇಯುವ ಕಾರ್ಖಾನೆಯೊಂದರಲ್ಲಿ ನನಗೆ ಪರಿಚಯದವರಿದ್ದರು. ಸಿದ್ಧವಾದ ಟವೆಲುಗಳನ್ನು ಮಡಿಸಿ, ಎಣಿಸಿ, ಡಜನ್ನುಗಳಾಗಿ ಕಟ್ಟುವ ಕೆಲಸ ಸಿಕ್ಕಿತು. ಅವನನ್ನು ಕಾರ್ಖಾನೆಯ ಬಾಗಿಲವರೆಗೆ ಕರೆದೊಯ್ದು ಒಪ್ಪಿಸಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳಿದೆ. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ ನನ್ನಲ್ಲಿತ್ತು. ಹದಿನೇಳನೆಯ ದಿನ ಹುಡುಗ ಊರ ಕಟ್ಟೆಯ ಮೇಲೆ ಕುಳಿತಿದ್ದ.

ನಾನು ಕೋಪಗೊಂಡೆ. ಈ ಕಾಲದ ಮಕ್ಕಳಿಗೆ ದುಡಿಮೆ ಬೇಡವೆಂದು ನಾಲ್ಕು ಜನರ ಮುಂದೆ ಆಡಿಯೂ ಬಿಟ್ಟೆ. ಕಬ್ಬಿನ ಗದ್ದೆಯಲ್ಲಿ ಬೆಳಗಿನ ಚಳಿಯಲ್ಲಿ ಕೊಯ್ತ ಹಿಡಿದು ನಿಂತವನಿಗೆ ದುಡಿಮೆ ಬೇಡವೆನ್ನುವುದು ಎಂಥ ಅವಿವೇಕವೆಂದು ಆಗ ತೋಚಲಿಲ್ಲ. ವಾರ ಕಳೆದ ಮೇಲೆ, ಅವನ ತಾಯಿಯ ಮುಂದೆ, ನಿಜ ಹೊರಬಂತು. ಕಲೆಬಿದ್ದ ಟವೆಲುಗಳನ್ನು ಬೇರೆ ತೆಗೆದಿಡಬೇಕೆಂದು ಮೇಲ್ವಿಚಾರಕರು ಮರಾಠಿಯಲ್ಲಿ ಹೇಳಿದ್ದರು. ಯಂತ್ರಗಳ ಸದ್ದಿನಲ್ಲಿ, ಅವಸರದ ಮಾತಿನಲ್ಲಿ, ಅದು ಇವನಿಗೆ ತಿಳಿಯಲಿಲ್ಲ. ತಲೆಯಾಡಿಸಿದ. ಕಲೆಬಿದ್ದವೂ ಒಳ್ಳೆಯವೂ ಒಂದೇ ಕಟ್ಟಿನಲ್ಲಿ ಹೋದವು. ಮಾಲು ಮರಳಿ ಬಂತು. ಎಲ್ಲರ ಮುಂದೆ ಬೈಗುಳವಾಯಿತು. ಮರುದಿನ ಹೋಗಲು ಅವನಿಗೆ ಮುಖವಾಗಲಿಲ್ಲ. ಹದಿನಾರು ದಿನದ ಕೂಲಿಯನ್ನು ಕೇಳಲೂ ಇಲ್ಲ.

ಅವನಿಗೆ ಮರಾಠಿ ಬಾರದೇ ಇರಲಿಲ್ಲ. ಶಾಲೆಯಲ್ಲಿ ಓದಿದ್ದ, ಸಂತೆಯಲ್ಲಿ ಕೇಳಿದ್ದ. ಬಾರದೇ ಇದ್ದದ್ದು ಒಂದೇ ವಾಕ್ಯ: "ಮಲಾ ಕಳಲಂ ನಾಹೀ, ಪರತ ಸಾಂಗಾ." ನನಗೆ ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿ. ಈ ಮಾತನ್ನು ಕನ್ನಡದಲ್ಲಿಯಾದರೂ ನಾವು ಅವನಿಗೆ ಕಲಿಸಿದ್ದೆವೆಯೇ? ತರಗತಿಯಲ್ಲಿ "ತಿಳೀತೇನು?" ಎಂದು ಕೇಳಿದಾಗ "ಹೌದ್ರಿ" ಎಂದು ಒಕ್ಕೊರಲಿನಿಂದ ಕೂಗುವುದನ್ನೇ ಕಲಿಸಿದ್ದೆವು. ಆ "ಹೌದ್ರಿ" ಕಾರ್ಖಾನೆಯಲ್ಲಿ ಅವನ ಕೆಲಸ ಕಳೆಯಿತು.

ಕೆಲಸ ಹುಡುಕಿಕೊಡುವುದು ನೆರವಿನ ಅರ್ಧ ಭಾಗ ಮಾತ್ರ; ಉಳಿದರ್ಧ ಆರಂಭವಾಗುವುದು ಕೆಲಸ ಸಿಕ್ಕ ಮರುದಿನ. ನಾನು ಅಂದಿನಿಂದ ಕಲಿತದ್ದು ಇಷ್ಟು. ಮೊದಲ ಮೂರು ತಿಂಗಳು ದಾಟಿದವನು ಸಾಮಾನ್ಯವಾಗಿ ನಿಲ್ಲುತ್ತಾನೆ. ಬಿಟ್ಟು ಬರುವವರನ್ನು ಕೇಳಿ ನೋಡಿ. ಕಾರಣ ಸಂಬಳವಾಗಿರುವುದು ಅಪರೂಪ. ಮಲಗಲು ಸರಿಯಾದ ಸ್ಥಳವಿಲ್ಲದ್ದು, ಜಾತ್ರೆಗೆಂದು ಹೇಳದೆ ಬಂದು ಮೂರು ದಿನ ಉಳಿದದ್ದು, ಒಂದು ಬೈಗುಳ, ಒಬ್ಬರೂ ಮಾತನಾಡಿಸದ ಊಟದ ಹೊತ್ತು: ಇಂಥವೇ ಇರುತ್ತವೆ.

ಆದ್ದರಿಂದ ಪಾಲಕರಲ್ಲಿಯೂ ಶಿಕ್ಷಕ ಮಿತ್ರರಲ್ಲಿಯೂ ಕೆಲವು ವಿಷಯಗಳನ್ನು ನಿವೇದಿಸಿಕೊಳ್ಳುತ್ತೇನೆ.

ಮೊದಲನೆಯದಾಗಿ, ವಯಸ್ಸು. ಹದಿನಾಲ್ಕು ತುಂಬದ ಮಗುವಿನ ಸ್ಥಾನ ಶಾಲೆ. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ನಿಷೇಧಿಸುತ್ತದೆ. ಈ ವಯಸ್ಸಿನವರಿಗೆ ಕೆಲಸಕ್ಕಿಂತ ಮೊದಲು ಓದಿನ ಬಾಗಿಲು ಹುಡುಕಬೇಕು. ಆ ಬಾಗಿಲು ಮುಚ್ಚಿಲ್ಲ. ಶಾಲೆ ಬಿಟ್ಟವರು ಮಹಾರಾಷ್ಟ್ರ ರಾಜ್ಯ ಮಂಡಳಿಯ 17ನೆಯ ನಮೂನೆಯ ಅರ್ಜಿ ತುಂಬಿ, ಖಾಸಗಿ ಅಭ್ಯರ್ಥಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದು. ಮಂಡಳಿಯ ಪರೀಕ್ಷೆಗೆ ಕನ್ನಡ ಮಾಧ್ಯಮವೂ ಉಂಟು. ಸೊಲ್ಲಾಪುರ ಜಿಲ್ಲೆ ಪುಣೆ ವಿಭಾಗೀಯ ಮಂಡಳಿಗೆ, ಜತ್ತ ಇರುವ ಸಾಂಗಲಿ ಜಿಲ್ಲೆ ಕೊಲ್ಲಾಪುರ ಮಂಡಳಿಗೆ ಸೇರಿವೆ. ಅರ್ಜಿಯ ಗಡುವನ್ನು ಪ್ರತಿ ವರ್ಷ ಪ್ರಕಟಿಸುತ್ತಾರೆ. ಅದನ್ನು ಹುಡುಗನಿಗೆ ತಿಳಿಸುವ ಹೊಣೆ ಅವನು ಬಿಟ್ಟುಹೋದ ಶಾಲೆಯದು.

ಎರಡನೆಯದು, ಕೈಕಸುಬು. ಐಟಿಐ ಎಂದರೆ ಹತ್ತನೆಯ ತರಗತಿ ಪಾಸಾದವರಿಗೆ ಮಾತ್ರವೆಂಬ ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ವೆಲ್ಡರ್, ವೈರ್‌ಮನ್‌ನಂಥ ವೃತ್ತಿಗಳಿಗೆ ಎಂಟನೆಯ ತರಗತಿಯ ಆಧಾರದ ಮೇಲೂ ಪ್ರವೇಶವಿದೆ; ವೆಲ್ಡರ್ ಒಂದು ವರ್ಷದ್ದು, ವೈರ್‌ಮನ್ ಎರಡು ವರ್ಷದ್ದು. ಇನ್ನು 1961ರ ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿ ಕಾರ್ಖಾನೆಯಲ್ಲಿಯೇ ಕೆಲಸ ಕಲಿಯುತ್ತ ಶಿಷ್ಯವೇತನ ಪಡೆಯಬಹುದು. ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದವರಿಗೂ 2019ರ ನಿಯಮಗಳು ತಿಂಗಳಿಗೆ ಕನಿಷ್ಠ 5,000 ರೂಪಾಯಿ ಗೊತ್ತುಪಡಿಸಿದವು. ಮೊತ್ತ ಚಿಕ್ಕದಿರಬಹುದು, ಆದರೆ ಕಲಿತದ್ದಕ್ಕೆ ಒಂದು ಪ್ರಮಾಣಪತ್ರ ಕೈಗೆ ಬರುತ್ತದೆ.

ಮೂರನೆಯದು, ಕಾಗದಪತ್ರ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಮರಾಠಿಯಿಂದ ಇಂಗ್ಲಿಷಿಗೆ ಹೋದ ಇನ್ನೊಂದು ಹೆಸರು, ಬ್ಯಾಂಕಿನಲ್ಲಿ ಮೂರನೆಯದು: ಇದು ನಮ್ಮ ಗಡಿಭಾಗದ ಮಕ್ಕಳ ವಿಶೇಷ ಸಂಕಟ. ಬಸಪ್ಪನು ಬಸವಪ್ಪನೂ ಆಗಿ, ಬಸ್ವಪ್ಪಾನೂ ಆಗಿರುತ್ತಾನೆ. ಕೆಲಸಕ್ಕೆ ಸೇರುವ ಮೊದಲೇ ಮೂರನ್ನೂ ತಾಳೆ ನೋಡಿ ತಿದ್ದಿಸಬೇಕು. ಏಕೆಂದರೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಭವಿಷ್ಯನಿಧಿಯ ಹಣ ಕಡಿತವಾಗುತ್ತದೆ. ಮಾಲೀಕರೂ ತಮ್ಮ ಪಾಲು ಹಾಕುತ್ತಾರೆ. ಅದಕ್ಕೆ ಸಿಗುವ ಹನ್ನೆರಡು ಅಂಕಿಗಳ ಯುಎಎನ್ ಸಂಖ್ಯೆ ಕೆಲಸ ಬದಲಾದರೂ ಬದಲಾಗುವುದಿಲ್ಲ. ಅದನ್ನು ಬರೆದಿಟ್ಟುಕೊಳ್ಳದೆ ಕೆಲಸ ಬಿಟ್ಟ ಹುಡುಗರು ತಮ್ಮದೇ ಹಣಕ್ಕಾಗಿ ವರ್ಷಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ.

ನಾಲ್ಕನೆಯದು, ಜೊತೆ. ಹೊಸಬನನ್ನು ಒಂಟಿಯಾಗಿ ಕಳುಹಿಸಬೇಡಿ. ಅದೇ ಊರಿನ, ಅದೇ ಶಾಲೆಯ, ಎರಡು ವರ್ಷ ಮೊದಲು ಹೋದ ಅಣ್ಣನೊಬ್ಬ ಸೊಲ್ಲಾಪುರದಲ್ಲಿ ಇದ್ದೇ ಇರುತ್ತಾನೆ. ಮೊದಲ ತಿಂಗಳು ಅವನ ಕೋಣೆಯಲ್ಲಿಯೇ ಉಳಿಯಲಿ. ವಾರಕ್ಕೊಮ್ಮೆ ಮನೆಯವರಲ್ಲದ ಹಿರಿಯರೊಬ್ಬರು ದೂರವಾಣಿ ಮಾಡಿ ವಿಚಾರಿಸಲಿ. ಮನೆಯವರಿಗೆ ಮಕ್ಕಳು "ಎಲ್ಲಾ ಛಲೋ ಐತಿ" ಎಂದೇ ಹೇಳುತ್ತಾರೆ. ಪಾಲಕರಾದ ನೀವೂ ಒಂದು ಸಂಯಮ ಪಾಲಿಸಬೇಕು: ನಾಲ್ಕು ದಿನದ ಮದುವೆಗೆ, ಹೊಲದ ಕೆಲಸಕ್ಕೆ, ಒಡನೆಯೇ ಹೊರಟು ಬಾ ಎಂದು ಕರೆಯಬೇಡಿ. ಕೇಳದೆ ಬಿಟ್ಟುಬಂದ ದಿನ ಅವನ ಸ್ಥಾನದಲ್ಲಿ ಇನ್ನೊಬ್ಬ ನಿಂತಿರುತ್ತಾನೆ.

ಹೆಣ್ಣುಮಕ್ಕಳ ಮಾತು ಇನ್ನೂ ಸೂಕ್ಷ್ಮ. ಸಮವಸ್ತ್ರ ಹೊಲಿಯುವ ಘಟಕಗಳು ಸೊಲ್ಲಾಪುರದಲ್ಲಿ ಬೆಳೆದಿವೆ. ಹೊಲಿಗೆ ಬಲ್ಲ ಕೈಗಳು ಅಲ್ಲಿ ಬೇಕು. ಆದರೂ ಶಾಲೆ ಬಿಟ್ಟ ಹುಡುಗಿಯ ಪಾಲಿಗೆ ಮನೆಯಲ್ಲಿ ಬೀಡಿ ಕಟ್ಟುವುದು ಅಥವಾ ಮದುವೆ, ಇವೆರಡೇ ಉಳಿಯುತ್ತವೆ. ತಂದೆತಾಯಿಯರ ಭಯ ಸುಳ್ಳಲ್ಲ. ಸಂಜೆಯ ಬಸ್ಸು ತಪ್ಪಿದರೆ ಏನು ಗತಿಯೆಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉಪದೇಶ ಉತ್ತರವಲ್ಲ. ಒಂದೇ ಊರಿನ ಮೂರು ನಾಲ್ಕು ಹುಡುಗಿಯರು ಒಂದೇ ಪಾಳಿಯಲ್ಲಿ ಕೂಡಿ ಹೋಗಿ ಕೂಡಿ ಬರುವ ವ್ಯವಸ್ಥೆಯನ್ನು ಘಟಕದವರೊಡನೆ ಮಾತನಾಡಿ ಮಾಡುವುದು ಉತ್ತರ. ಮೊದಲ ದಿನ ತಾಯಿಯೂ ಹೋಗಿ ಆ ಸ್ಥಳವನ್ನು ಕಣ್ಣಾರೆ ನೋಡಿ ಬರಲಿ.

ಇಷ್ಟೆಲ್ಲವನ್ನು ಮಾಡುವವರು ಯಾರೆಂದು ಕೇಳಬಹುದು. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದನ್ನು ಈ ಅಂಕಣದಲ್ಲಿಯೇ ಎಷ್ಟೋ ಸಲ ಶೋಕಿಸಿದ್ದೇನೆ. ಒಂದು ಮನೆ ತನ್ನ ಮಗುವನ್ನು ಕನ್ನಡ ಶಾಲೆಗೆ ಕಳುಹಿಸುವ ಮುನ್ನ ನೋಡುವುದು ನಮ್ಮ ಭಾಷಣಗಳನ್ನಲ್ಲ. ನೆರೆಮನೆಯಿಂದ ಅದೇ ಶಾಲೆಗೆ ಹೋದ ಹುಡುಗ ಈಗ ಎಲ್ಲಿದ್ದಾನೆಂಬುದನ್ನು. ಅವನು ಕಟ್ಟೆಯ ಮೇಲೆ ಕುಳಿತಿದ್ದರೆ, ತಪ್ಪು ಯಾರದೇ ಇರಲಿ, ಅಪವಾದ ಕನ್ನಡದ ಮೇಲೆ ಬರುತ್ತದೆ.

ಆ ಹುಡುಗನನ್ನು ಮತ್ತೆ ಕರೆದುಕೊಂಡು ಹೋದೆ. ಈ ಸಲ ಒಳಗೂ ಹೋದೆ. ಮೇಲ್ವಿಚಾರಕರು ಒರಟರಾಗಿದ್ದರೂ ಕೆಟ್ಟವರಾಗಿರಲಿಲ್ಲ. "ತಿಳಿಯಲಿಲ್ಲವೆಂದು ಒಂದು ಮಾತು ಹೇಳಿದ್ದರೆ ತೋರಿಸಿಕೊಡುತ್ತಿದ್ದೆ" ಎಂದರು. ಹದಿನಾರು ದಿನದ ಕೂಲಿಯನ್ನೂ ಕೊಟ್ಟರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾವಿಬ್ಬರೂ ಆ ಒಂದು ಮರಾಠಿ ವಾಕ್ಯವನ್ನು ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆವು. ಅವನು ಈಗಲೂ ಅಲ್ಲಿದ್ದಾನೆ. 17ನೆಯ ನಮೂನೆ ತುಂಬಿ ಪರೀಕ್ಷೆಗೆ ಕೂತ; ಗಣಿತ ಉಳಿದಿದೆ, ಮತ್ತೆ ಕೂಡುತ್ತಾನೆ.

ಈಗ ನನ್ನ ಮೇಜಿನ ಮೇಲೆ ಒಂದು ನೂರು ಪುಟದ ನೋಟುಪುಸ್ತಕವಿದೆ. ನಮ್ಮ ಶಾಲೆಯಿಂದ ಬಿಟ್ಟುಹೋದವರ ಹೆಸರು, ಈಗ ಇರುವ ಸ್ಥಳ, ಕೊನೆಯ ಸಲ ಮಾತನಾಡಿದ ದಿನಾಂಕ, ಮೂರೇ ಕಲಮು. ನಿಮ್ಮ ಊರಿನ ಶಾಲೆಯಲ್ಲಿಯೂ ಅಂಥದೊಂದು ಪುಸ್ತಕ ಇರಲಿ. ಇಲ್ಲದಿದ್ದರೆ ಈ ಸಲದ ಪಾಲಕರ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದುನಿಂತು ಕೇಳಿರಿ. ನೋಟುಪುಸ್ತಕದ ಬೆಲೆ ದೊಡ್ಡದಲ್ಲ. ಮೂರನೆಯ ಕಲಮನ್ನು ತುಂಬುತ್ತ ಹೋಗುವುದೇ ಕಷ್ಟದ ಕೆಲಸ.