ಮಳೆ ಪುಸ್ತಕದಲ್ಲಿ ಇನ್ನೊಂದು ಅಂಕಣ

ನಮ್ಮ ಸದಸ್ಯ ಬಾಂಧವರಲ್ಲಿ ಮಳೆ ಲೆಕ್ಕ ಇಡದವರು ವಿರಳ. ಬೆಳಿಗ್ಗೆ ಎದ್ದೊಡನೆ ಮಾಪಕದ ನೀರು ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುತ್ತೇವೆ. ಹೂಮಳೆ ಯಾವ ವರ್ಷ ಯಾವ ತಾರೀಖಿಗೆ ಬಂತೆಂದು ಕೇಳಿದರೆ ಅಜ್ಜನ ಕಾಲದ ಪುಸ್ತಕ ತೆಗೆದು ತೋರಿಸುವವರೂ ಇದ್ದಾರೆ. ಆದರೆ ಅದೇ ಯಜಮಾನರನ್ನು, ತೋಟಕ್ಕೆ ಆನೆ ಬಂದದ್ದು ಯಾವಾಗ, ಎಷ್ಟಿದ್ದವು ಎಂದು ಕೇಳಿ ನೋಡಿ. 'ಹೋದ ಕೊಯ್ಲಿನ ಹೊತ್ತಿಗಿರಬೇಕು, ನಾಲ್ಕೈದು ಇರಬಹುದು' ಎಂಬ ಉತ್ತರ. ಪರಿಹಾರದ ಅರ್ಜಿ ಹಿಡಿದು ಹೋದಾಗ ಈ 'ಇರಬಹುದು' ನಡೆಯುವುದಿಲ್ಲ. ನಾವೂ ಒಮ್ಮೆ ಹೀಗೆಯೇ ಹೋಗಿ ಬರಿಗೈಯಲ್ಲಿ ಬಂದವರು. ಮಳೆ ಪುಸ್ತಕದಲ್ಲಿ ಇನ್ನೊಂದು ಅಂಕಣಕ್ಕೆ ಗೆರೆ ಎಳೆದದ್ದು ಆ ಮೇಲೆಯೇ.

ಅದರಲ್ಲಿ ಬರೆಯುವುದು ಹೆಚ್ಚೇನಿಲ್ಲ. ಕಂಡ ಪ್ರಾಣಿ ಅಥವಾ ಹಕ್ಕಿ, ಹೊತ್ತು, ಜಾಗ, ಎಣಿಕೆ. ಬಸರಿ ಹಣ್ಣಾದಾಗ ಬಂದ ಮಂಗಟ್ಟೆಗಳು, ಕೆರೆ ಏರಿಯ ಮೇಲೆ ಕಾಟಿಯ ಹೆಜ್ಜೆ, ಕಾಫಿ ಹಣ್ಣು ತಿಂದ ಕಬ್ಬೆಕ್ಕು ಹಾಕಿಹೋದ ಬೀಜ. ಕಣ್ಣಾರೆ ಕಂಡದ್ದು ಯಾವುದು, ಆಳುಗಳು ಹೇಳಿದ್ದು ಯಾವುದು ಎಂದು ಗುರುತು ಹಾಕಬೇಕು. ಹೆಸರು ತಿಳಿಯದಿದ್ದರೆ ತಿಳಿಯದು ಎಂದೇ ಬರೆಯಬೇಕು. ಮಳೆ ಬಾರದ ದಿನ ಸೊನ್ನೆ ಹಾಕುವಂತೆ, ತೋಟ ಸುತ್ತಿಯೂ ಏನೂ ಕಾಣದ ದಿನವನ್ನೂ ಬರೆಯಬೇಕು. (ಚಿರತೆ ಕಂಡ ದಿನ ಮಾತ್ರ ಪುಸ್ತಕ ತೆರೆಯುವವರ ತೋಟದಲ್ಲಿ ನಿತ್ಯವೂ ಚಿರತೆ ಇರುತ್ತದೆ!)

ಇದು ಬರೀ ಹವ್ಯಾಸದ ಮಾತಲ್ಲ. ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳುತ್ತಿದ್ದಾಗ. ಇಂದಿಗೂ ಸತ್ತ ಮಂಗ, ಮುಸಿಯಗಳೇ ಎಚ್ಚರಿಕೆಯ ಗಂಟೆ. ಅವುಗಳ ಮೈಯಿಂದ ಇಳಿದ ಉಣುಗುಗಳು ಅಲ್ಲಿನ ತರಗೆಲೆಯಲ್ಲೇ ಇರುತ್ತವೆ. ಅಲ್ಲಿಗೆ ಸೊಪ್ಪಿಗೆ, ದರಗಿಗೆ ಹೋಗುವವರು ನಮ್ಮ ಮನೆಯವರು, ನಮ್ಮ ಆಳುಗಳು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ ಮೇಲಂತೂ ಮುನ್ನೆಚ್ಚರಿಕೆಯ ಬೆಲೆ ಹೆಚ್ಚಿತು. ಸತ್ತ ಮಂಗವನ್ನು ಮುಟ್ಟದೆ, ಜಾಗ ಗುರುತಿಟ್ಟು, ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. 'ನಾಯಿ ಕಚ್ಚಿರಬೇಕು' ಎಂದು ಗುಂಡಿಗೆ ಎಳೆದು ಹಾಕಿಸುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಇದನ್ನು ನಾವು ಕಟುವಾಗಿಯೇ ಖಂಡಿಸುತ್ತೇವೆ.

ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, 'ಪ್ರಾಣಿ ಇವೆ ಎಂದು ನಾವೇ ಬರೆದುಕೊಟ್ಟರೆ ನಾಳೆ ತೋಟವನ್ನೇ ಕಾಡು ಅಂತಾರಲ್ಲ ಸ್ವಾಮಿ' ಎಂದರು. ಈ ಭಯ ಹುರುಳಿಲ್ಲದ್ದೆಂದು ನಾವು ಹೇಳುವುದಿಲ್ಲ. ಆದರೆ 2013ರ ಕಸ್ತೂರಿರಂಗನ್ ವರದಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ್ದು ಉಪಗ್ರಹ ಚಿತ್ರಗಳ ಆಧಾರದ ಮೇಲೆ. ನಮ್ಮ ಯಾರ ಪುಸ್ತಕವನ್ನೂ ನೋಡಿ ಅಲ್ಲ. ನಾವು ಬರೆಯದೆ ಇದ್ದಾಗಲೂ ಹಳ್ಳಿಗಳ ಪಟ್ಟಿ ಆಯಿತು. ತಕರಾರು ಹೇಳಲು ಎದ್ದು ನಿಂತ ನಮ್ಮ ಕೈಯಲ್ಲಿ ಆಗ ಒಂದು ಕಾಗದವೂ ಇರಲಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರೂ ಕಾಫಿ ಬೆಳೆಗಾರರೇ. ತೋಟದ ಹಕ್ಕಿಗಳನ್ನು ನೋಡಿ ಬರೆದದ್ದರಿಂದ ಅವರ ತೋಟವೇನೂ ಕಾಡಾಗಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಚಿಪ್ಪುಹಂದಿ, ಕಾಡುಪಾಪದಂಥವು ಕಂಡರೆ ಪುಸ್ತಕದಲ್ಲಿ ಬರೆಯಿರಿ, ಚಹದಂಗಡಿಯಲ್ಲಿ ಜಾಗ ಹೇಳಬೇಡಿ. ಕೇಳಿಸಿಕೊಳ್ಳುವ ಕಿವಿಗಳು ಎಲ್ಲ ಒಳ್ಳೆಯವಲ್ಲ.

ಗೆರೆ ಹಾಕಿದ ಪುಸ್ತಕಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಗೊಬ್ಬರ ಒಯ್ಯಲು ಬಂದಾಗ ಕೇಳಿ ಪಡೆಯಬಹುದು. ತಿಂಗಳ ಕೊನೆಗೆ ಒಂದು ನಕಲು ಕೊಟ್ಟರೆ ಸಾಕು. ಹೆಸರು ಹಾಕುವುದು ಬಿಡುವುದು ತಮ್ಮ ಇಷ್ಟ.