ಅರಸೊತ್ತಿಗೆಯೂ ಅಳಿಯಕಟ್ಟೂ

2023ರ ಮೇ 6ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೆಯ ಚಾರ್ಲ್ಸ್ ಪಟ್ಟವೇರಿದಾಗ ನಮ್ಮ ವಾಹಿನಿಗಳು ಆ ಸಮಾರಂಭವನ್ನು ಗಂಟೆಗಟ್ಟಲೆ ತೋರಿಸಿದವು. ಜೆರುಸಲೇಮಿನಲ್ಲಿ ಪವಿತ್ರಗೊಳಿಸಿದ ತೈಲ, ಅದನ್ನು ಲೇಪಿಸುವಾಗ ಜನರ ಕಣ್ಣಿಗೆ ಬೀಳದಂತೆ ಹಿಡಿದ ತೆರೆ, ಖಡ್ಗ, ಉಂಗುರ: ಎಲ್ಲಕ್ಕೂ ವಿವರಣೆಯಿತ್ತು. ಮರುವರ್ಷ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆಯಿತು. ಆ ವಿಗ್ರಹವನ್ನು ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ವರ್ಷ 1604, ಅಂದರೆ ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ತೀರಿಕೊಂಡ ಮರುವರ್ಷ. ಎಲಿಜಬೆತ್ ಯಾರೆಂದು ನಮ್ಮ ಪದವೀಧರರಿಗೆ ಗೊತ್ತು. ಅಜಿಲರೆಂದರೆ ಯಾರು, ಅವರಲ್ಲಿ ಪಟ್ಟ ಯಾರಿಂದ ಯಾರಿಗೆ ಹೋಗುತ್ತಿತ್ತು ಎಂದು ಕೇಳಿದರೆ ಘಟ್ಟದ ಮೇಲಿನವರಿರಲಿ, ಮಂಗಳೂರಿನವರೇ ತಡವರಿಸುತ್ತಾರೆ.

ಪಟ್ಟ ಯಾರಿಗೆ ಎಂಬ ಪ್ರಶ್ನೆಯೇ ಅರಸೊತ್ತಿಗೆಯ ಮೂಲ ಪ್ರಶ್ನೆ. ಯುರೋಪು ಇದಕ್ಕಾಗಿ ಚೆಲ್ಲಿದ ರಕ್ತಕ್ಕೆ ಲೆಕ್ಕವಿಲ್ಲ. ಫ್ರಾನ್ಸಿನಲ್ಲಿ ಮೂವರು ಸಹೋದರರು ಒಬ್ಬರ ನಂತರ ಒಬ್ಬರು ಆಳಿ, ಕೊನೆಯವನಾದ ನಾಲ್ಕನೆಯ ಚಾರ್ಲ್ಸ್ 1328ರಲ್ಲಿ ಗಂಡು ಸಂತಾನವಿಲ್ಲದೆ ಸತ್ತ. ಅವನ ತಂಗಿ ಇಸಾಬೆಲ್ಲಾಳ ಮಗನೇ ಇಂಗ್ಲೆಂಡಿನ ಅರಸು ಮೂರನೆಯ ಎಡ್ವರ್ಡ್. ಹೆಣ್ಣು ತಾನು ಪಡೆಯಲಾರದ ಹಕ್ಕನ್ನು ಮಗನಿಗೆ ದಾಟಿಸಲಾರಳು ಎಂದು ಫ್ರೆಂಚರು ವಾದಿಸಿ, ಚಿಕ್ಕಪ್ಪನ ಮಗ ಫಿಲಿಪ್‌ನಿಗೆ ಪಟ್ಟ ಕಟ್ಟಿದರು. 1337ರಿಂದ 1453ರವರೆಗಿನ ‘ನೂರು ವರ್ಷಗಳ ಯುದ್ಧ’ಕ್ಕೆ ಇದು ಒಂದು ಮುಖ್ಯ ಕಾರಣ.

ಇದೇ ಪ್ರಕರಣ ಮೂಡುಬಿದಿರೆಯ ಚೌಟರ ಚಾವಡಿಯಲ್ಲೋ ಬಂಗಾಡಿಯ ಬಂಗರ ಚಾವಡಿಯಲ್ಲೋ ವಿಚಾರಣೆಗೆ ಬಂದಿದ್ದರೆ ತೀರ್ಪಿಗೆ ಅರೆಗಳಿಗೆಯೂ ಬೇಕಿರಲಿಲ್ಲ. ಅಣ್ಣನ ನಂತರ ತಮ್ಮ, ತಮ್ಮಂದಿರು ಮುಗಿದರೆ ಸೋದರಿಯ ಮಗ, ಎಡ್ವರ್ಡನೇ ಅರಸು. ಈ ಅಳಿಯಕಟ್ಟನ್ನು ಐತಿಹ್ಯವು ಭೂತಾಳ ಪಾಂಡ್ಯನ ತಲೆಗೆ ಕಟ್ಟುತ್ತದೆ. ಕಥೆ ಹೇಗೇ ಇರಲಿ, ತರ್ಕ ಸ್ಪಷ್ಟ. ಫ್ರಾನ್ಸಿನಲ್ಲಿ ಹೆಣ್ಣು ದಾಟಿಸಲಾಗದ ಹಕ್ಕನ್ನು ತುಳುನಾಡಿನಲ್ಲಿ ಹೆಣ್ಣು ಮಾತ್ರವೇ ದಾಟಿಸಬಲ್ಲಳು.

ಆದರೆ ಇದನ್ನು ಸ್ತ್ರೀರಾಜ್ಯವೆಂದು ಹಾಡಿ ಹೊಗಳುವ ಈಚಿನ ಉತ್ಸಾಹ ನನಗೆ ಒಪ್ಪಿಗೆಯಿಲ್ಲ. ವಂಶ ಹೆಣ್ಣಿನದಾದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದೇ. ರಾಣಿಯರು ಆಳಿದ್ದುಂಟು, ಬಂಗರಲ್ಲೂ ಅಜಿಲರಲ್ಲೂ. ಉಳ್ಳಾಲದ ಚೌಟ ರಾಣಿಯರಂತೂ ಪೋರ್ಚುಗೀಸರಿಗೆ ಸಿಂಹಸ್ವಪ್ನವಾಗಿದ್ದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ. ನೆಲ ಅಗೆಸುವ ಕೆಲಸವನ್ನು ನೋಡಿಕೊಂಡು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಸಾದಾ ಬಟ್ಟೆ, ತಲೆಯ ಮೇಲೊಂದು ಕೊಡೆ. ಯುರೋಪಿನ ಆಸ್ಥಾನಗಳನ್ನು ಬಲ್ಲ ಆ ಶ್ರೀಮಂತ ಬೆರಗಾದದ್ದರಲ್ಲಿ ಆಶ್ಚರ್ಯವಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಮಾತ್ರ ಆ ದೃಶ್ಯ ಸಹಜವಾಗಿಯೇ ಕಾಣುತ್ತದೆ. ಅಕ್ಕಿ ಮತ್ತು ಕರಿಮೆಣಸಿನ ಮೇಲೆ ನಿಂತ ಸಣ್ಣ ಸೀಮೆಯ ಒಡತಿ ಗದ್ದೆಯ ಬದುವಿನ ಮೇಲೆ ನಿಲ್ಲದೆ ಇನ್ನೆಲ್ಲಿ ನಿಂತಾಳು!

1837ನೆಯ ಇಸವಿ ನನ್ನನ್ನು ಬಹಳ ಕಾಲ ಕಾಡಿದೆ. ಆ ವರ್ಷ ವಿಕ್ಟೋರಿಯಾ ಬ್ರಿಟನ್ನಿನ ರಾಣಿಯಾದಳು. ಅದುವರೆಗೆ ಅದೇ ಕಿರೀಟದಡಿಯಲ್ಲಿದ್ದ ಜರ್ಮನಿಯ ಹ್ಯಾನೋವರ್ ರಾಜ್ಯ, ಹೆಣ್ಣಿಗೆ ಪಟ್ಟವಿಲ್ಲವೆಂಬ ಕಾರಣಕ್ಕೆ ಅವಳ ಚಿಕ್ಕಪ್ಪನ ಪಾಲಾಯಿತು. (ಅಳಿಯಕಟ್ಟಿನಲ್ಲೂ ಅವಳಿಗೆ ಪಟ್ಟ ಸಿಗುತ್ತಿರಲಿಲ್ಲವೆನ್ನಿ, ತಮ್ಮನ ಮಗಳು ಬೇರೆ ಕವರಿನವಳು!) ಅದೇ ವರ್ಷ ಅಮರ ಸುಳ್ಯದ ಬಂಡಾಯಗಾರರು ಮಂಗಳೂರನ್ನು ಕೆಲ ದಿನ ವಶದಲ್ಲಿಟ್ಟುಕೊಂಡಿದ್ದರು. ಅವರ ಜೊತೆಗೂಡಿದ ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಕಂಪನಿ ಸರ್ಕಾರ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿತು. ನೇತ್ರಾವತಿಯ ದಡದ ನಂದಾವರ ಇಂದಿನ ಬಂಟ್ವಾಳ ತಾಲ್ಲೂಕಿನಲ್ಲಿದೆ. ವಿಕ್ಟೋರಿಯಾ ಪಟ್ಟವೇರಿದ ವರ್ಷವನ್ನು ಬಾಯಿಪಾಠ ಮಾಡಿದ ನಮ್ಮ ಪೀಳಿಗೆಗೆ ಬಂಗರಸನ ಹೆಸರನ್ನು ಯಾವ ಪಾಠವೂ ಹೇಳಿರಲಿಲ್ಲ.

ಆಮೇಲಿನ ಕಥೆ ಕಾನೂನಿನದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಅವಿಭಕ್ತ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಕ್ಕಳನ್ನೂ ವಾರಸುದಾರರನ್ನಾಗಿಸಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಭೂಮಿಯನ್ನು ಉಳುವವನಿಗೆ ಕೊಟ್ಟಿತು. ಈ ಮೂರೂ ಆಗಬೇಕಾದ ಕೆಲಸಗಳೇ. ಗೇಣಿ ಅಳೆದು ಬರಿಗೈಯಲ್ಲಿ ಹಿಂತಿರುಗುತ್ತಿದ್ದ ಒಕ್ಕಲಿಗೆ ಅರಮನೆಯ ಕೆತ್ತನೆಯಿಂದ ಏನು ಸುಖವಿತ್ತು? ಸೇವೆಯಲ್ಲಿದ್ದಾಗ ಕಂದಾಯ ಕಡತಗಳನ್ನು ವರ್ಷಗಟ್ಟಲೆ ತಿರುವಿದವನಾಗಿ ನಾನು ಆ ಸುಧಾರಣೆಯ ಪರ. ಆದರೆ ಅದೇ ಕಡತಗಳಲ್ಲಿ ‘ಯಜಮಾನ’, ‘ಕವರು’, ‘ಪಟ್ಟದವರು’ ಎಂಬ ಪದಗಳು ಪುಟದಿಂದ ಪುಟಕ್ಕೆ ವಿರಳವಾಗುತ್ತ ಬಂದದ್ದನ್ನೂ ಕಂಡಿದ್ದೇನೆ.

ಯುರೋಪಿನ ಅರಸೊತ್ತಿಗೆಗಳು ಅಧಿಕಾರವನ್ನು ಬಿಟ್ಟುಕೊಟ್ಟರೂ ಕಟ್ಟುಕಟ್ಟಳೆಗಳನ್ನು ದಾಖಲೆಸಹಿತ ಉಳಿಸಿಕೊಂಡಿವೆ, ಬೇಕಾದಾಗ ತಿದ್ದಿಕೊಂಡಿವೆ. 1980ರಲ್ಲಿ ಸ್ವೀಡನ್, 1991ರಲ್ಲಿ ಬೆಲ್ಜಿಯಂ ಹಿರಿಯ ಸಂತಾನಕ್ಕೆ, ಅದು ಹೆಣ್ಣಾದರೂ ಸರಿ, ಪಟ್ಟವೆಂದು ಶಾಸನ ಮಾಡಿದವು. ಬ್ರಿಟನ್ ಆ ಶಾಸನ ಮಾಡಿದ್ದು 2013ರಲ್ಲಿ. ಅಲ್ಲಿನ ಅರಮನೆಗಳ ದುರಸ್ತಿಗೆ ಸಂಸತ್ತು ಹಣ ಒದಗಿಸುತ್ತದೆ. ನಮ್ಮ ಗಣರಾಜ್ಯ ಅಂಥ ಹೊರೆ ಹೊರಬೇಕೆಂದು ನಾನು ಹೇಳುತ್ತಿಲ್ಲ. 1971ರಲ್ಲಿ ರಾಜಧನ ರದ್ದಾದದ್ದು ನ್ಯಾಯವೇ. ನಮ್ಮ ಸಣ್ಣ ಅರಸರಿಗಂತೂ ಕಂಪನಿಯ ಕಾಲದ ಜುಜುಬಿ ಪಿಂಚಣಿಗಿಂತ ಹೆಚ್ಚಿನದು ದಕ್ಕಿದ್ದೇ ಇಲ್ಲ.

ನನ್ನ ಆತಂಕ ಬೇರೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಒಂಬತ್ತು ನಾರಿಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗದ ಕೆತ್ತನೆಗಳಿವೆ. ಅವು ಮರದವು. ಕರಾವಳಿಯ ಮಳೆ, ಗೆದ್ದಲು ಯಾವ ವಂಶಾವಳಿಯನ್ನೂ ಲೆಕ್ಕಿಸುವುದಿಲ್ಲ. ಪಾಲುಗಾರರು ಹಲವರಾದ ಹಳೆಯ ಮನೆಗಳಲ್ಲಿ ಮಾಡು ಸೋರಿದರೆ ಹೆಂಚು ಹೊದೆಸುವ ಖರ್ಚು ಯಾರದೆಂಬುದೇ ತೀರ್ಮಾನವಾಗುವುದಿಲ್ಲ, ಮಾರಿಬಿಡುವುದೇ ಸುಲಭ. ಕಟ್ಟಡವಾದರೂ ಕಣ್ಣಿಗೆ ಕಾಣುತ್ತದೆ. ಗಡಿ ಹಿಡಿಯುವ ವಿಧಿ, ಪಟ್ಟವಾದಾಗ ಇಡುವ ಹೆಸರು, ನೇಮದ ದಿನ ದೈವ ಯಾವ ಬೀಡನ್ನು ಮೊದಲು, ಯಾವ ಗುತ್ತನ್ನು ಆಮೇಲೆ ಕರೆಯಬೇಕೆಂಬ ಕ್ರಮ, ಇವೆಲ್ಲ ಇರುವುದು ಕೆಲವೇ ಹಿರಿಯರ ನೆನಪಿನಲ್ಲಿ.

ಬಿ.ಸಿ.ರೋಡಿನಲ್ಲಿ ರಾಣಿ ಅಬ್ಬಕ್ಕನ ಹೆಸರಿನ ತುಳು ಅಧ್ಯಯನ ಕೇಂದ್ರವೊಂದು ಜನಬಳಕೆಯ ಹಳೆಯ ವಸ್ತುಗಳನ್ನು ಕಲೆಹಾಕಿ ತೋರಿಸಿಕೊಟ್ಟಿದೆ, ಮನಸ್ಸಿದ್ದರೆ ಏನು ಸಾಧ್ಯವೆಂದು. ಸರ್ಕಾರದಿಂದ ಆಗಬೇಕಾದದ್ದು ದೊಡ್ಡ ಯೋಜನೆಯಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲ್ಲೂಕುಗಳ ಬೀಡು, ಅರಮನೆಗಳ ಅಳತೆನಕ್ಷೆ ತಯಾರಾಗಲಿ. ಮನೆತನಗಳಲ್ಲಿ ಓಲೆ, ಕಡತಗಳಿದ್ದರೆ ಒಡೆತನ ಅವರಲ್ಲೇ ಉಳಿಸಿ ಛಾಯಾಪ್ರತಿ ತೆಗೆಯಲಿ. ಹಿರಿಯರ ಮಾತುಗಳನ್ನು ತುಳುವಿನಲ್ಲೇ ಧ್ವನಿಮುದ್ರಿಸಲಿ. ಇಬ್ಬರು ಸಂಶೋಧಕರು, ಒಬ್ಬ ನಕ್ಷೆಗಾರ, ಎರಡು ವರ್ಷದ ಸಂಬಳ ಇದ್ದರೆ ಆರಂಭಕ್ಕೆ ಸಾಕು. ಮಳೆಗಾಲಕ್ಕೆ ಮುನ್ನ ಶುರುಮಾಡುವುದಾದರೆ ಚೌಟರ ಅರಮನೆಯ ಕಂಬಗಳಿಂದಲೇ ಆಗಲಿ.