ಬಾಟ್ಲಿಂಗ್ ಘಟಕಗಳಿಗೆ ಕಾರ್ಮಿಕರು: ನೇಮಕಾತಿಯ ಕಾಲ ಮಾರ್ಚ್ ಅಲ್ಲ, ತೊಗರಿ ರಾಶಿ

ಪ್ರತಿ ವರ್ಷ ಬೇಸಿಗೆ ಆರಂಭವಾಗುತ್ತಿದ್ದಂತೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಲ್ಲಿ ನೀರು ಹಾಗೂ ತಂಪು ಪಾನೀಯ ತುಂಬುವ ಘಟಕಗಳನ್ನು ನಡೆಸುವವರಿಂದ ಕೇಳಿಬರುವ ದೂರು ಒಂದೇ ಬಗೆಯದು. ಯಂತ್ರವಿದೆ, ಕೊಳವೆಬಾವಿಯಲ್ಲಿ ನೀರಿದೆ, ಬೇಡಿಕೆಯಂತೂ ಇದ್ದೇ ಇದೆ. ದುಡಿಯಲು ಆಳುಗಳು ಮಾತ್ರ ಸಿಗುತ್ತಿಲ್ಲ. ಸಿಕ್ಕವರು ಹದಿನೈದು ದಿನ ನಿಲ್ಲುವುದಿಲ್ಲ. ಕೊನೆಗೆ ಗುತ್ತಿಗೆದಾರನೊಬ್ಬನನ್ನು ಹಿಡಿದು, ಅವನು ಕಳುಹಿಸಿದವರನ್ನೇ ಯಂತ್ರದ ಮುಂದೆ ನಿಲ್ಲಿಸಬೇಕಾಗುತ್ತದೆ. ಈ ದೂರಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಜನರ ಕೊರತೆ ಎಂದು ಹೇಳಲಾಗುತ್ತಿರುವುದು ಬಹುಪಾಲು ಕಾಲದ ತಪ್ಪು ಎಂಬುದನ್ನು ಉದ್ಯಮಿಗಳು ಇನ್ನೂ ಮನಗಂಡಂತಿಲ್ಲ.

ಈ ಐದು ಊರುಗಳ ಸುತ್ತಲಿನ ಒಕ್ಕಲುತನದ ವರ್ಷ ತೊಗರಿಯ ಸುತ್ತ ತಿರುಗುತ್ತದೆ. ಮೃಗಶಿರ ಮಳೆಗೆ ಬಿತ್ತನೆ, ಡಿಸೆಂಬರ್-ಜನವರಿಯಲ್ಲಿ ಕಟಾವು ಮತ್ತು ರಾಶಿ. ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ, ರಾಶಿ ಮುಗಿಸಿದ ಮೇಲೆ ಮುಂದಿನ ಮುಂಗಾರಿನವರೆಗೆ ಒಣಬೇಸಾಯದ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ. ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ಇದೇ ಅವಧಿಯಲ್ಲಿ. ಕಟ್ಟಡ ಕೆಲಸದ ಮುಕಾದಮನು ಮಾರ್ಚ್‌ವರೆಗೆ ಕಾಯುವವನಲ್ಲ. ರಾಶಿಯ ಕಾಲಕ್ಕೇ ತಾಂಡಾಕ್ಕೆ ಬಂದು, ಕುಟುಂಬಕ್ಕೆ ಇಷ್ಟೆಂದು ಮುಂಗಡ ಕೊಟ್ಟು, ಹೊರಡುವ ದಿನವನ್ನೂ ಗೊತ್ತುಮಾಡಿ ಹೋಗಿರುತ್ತಾನೆ. ಬಾಟ್ಲಿಂಗ್ ಘಟಕದ ಮಾಲೀಕನು ಹೋಳಿ ಹುಣ್ಣಿಮೆಯ ಹೊತ್ತಿಗೆ ಎಚ್ಚೆತ್ತು ಹುಡುಕಾಟಕ್ಕೆ ತೊಡಗಿದಾಗ ಗಟ್ಟಿಮುಟ್ಟಾದ ದುಡಿಯುವ ಕೈಗಳು ಪುಣೆಯ ಯಾವುದೋ ಕಟ್ಟಡದ ಮೇಲಿರುತ್ತವೆ.

ಇದರಲ್ಲಿ ಅಡಗಿರುವ ಅನುಕೂಲವನ್ನು ಗಮನಿಸಬೇಕು. ಪಾನೀಯದ ವ್ಯಾಪಾರಕ್ಕೆ ಜನ ಬೇಕಾಗುವುದು ಫೆಬ್ರುವರಿಯಿಂದ ಜೂನ್ ಆರಂಭದವರೆಗೆ. ಹೊಲದಲ್ಲಿ ಕೆಲಸವಿಲ್ಲದ ಅವಧಿಯೂ ಅದೇ. ಮಳೆ ಬಿದ್ದು ಬೇಡಿಕೆ ಕುಸಿದಾಗ ಕಾರ್ಮಿಕನಿಗೆ ತನ್ನ ಹೊಲ ಕರೆಯುತ್ತದೆ. ಸಕ್ಕರೆ ಕಾರ್ಖಾನೆಗೂ ಸಿಮೆಂಟಿಗೂ ಇಂಥ ಹೊಂದಾಣಿಕೆ ಒದಗುವುದಿಲ್ಲ. ತೊಗರಿ ನಾಡಿನ ರೂಢಿಗೆ ಇಷ್ಟು ಒಗ್ಗುವ ಉದ್ಯಮ ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ಆದರೂ ಕಾರ್ಮಿಕ ದೂರ ಹೋಗುತ್ತಾನೆ, ಘಟಕ ಅರ್ಧ ವೇಗದಲ್ಲಿ ಓಡುತ್ತದೆ.

ಹೀಗಾಗಲು ಈ ಭಾಗದ ಸಿಮೆಂಟ್ ಪರಂಪರೆಯೂ ಒಂದು ಕಾರಣ. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಮಳಖೇಡ, ಸೇಡಂ, ಕೋಡ್ಲಾ, ಇಟಗಾ, ಛತ್ರಸಾಲ ಹೀಗೆ ಸುಣ್ಣಕಲ್ಲಿನ ಪಟ್ಟಿಯುದ್ದಕ್ಕೂ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ದೊಡ್ಡ ಕಾರ್ಖಾನೆಯಲ್ಲಿ ಚೀಲ ತುಂಬುವುದು, ಲಾರಿಗೆ ಹೇರುವುದು, ಗುಡಿಸುವುದು ಮುಂತಾದವು ಗುತ್ತಿಗೆಯಲ್ಲಿ ನಡೆಯುವುದು ರೂಢಿ. ಅಲ್ಲಿ ಇಂದು ಒಬ್ಬ ಬರದಿದ್ದರೆ ಇನ್ನೊಬ್ಬ ಬಂದು ಚೀಲ ಹೊರಬಹುದು, ಸಿಮೆಂಟಿನ ಗುಣಮಟ್ಟಕ್ಕೆ ಅದರಿಂದ ಕುಂದಿಲ್ಲ. ಅದೇ ಪದ್ಧತಿಯನ್ನು ಸಣ್ಣ ಪಾನೀಯ ಘಟಕಗಳವರೂ ವಿಚಾರಿಸದೆ ಎರವಲು ಪಡೆದರು. ಬಾಟಲಿ ತುಂಬುವ ಕೆಲಸದ ಸ್ವಭಾವವೇ ಬೇರೆ ಎಂಬುದು ಇಲ್ಲಿ ಮರೆತುಹೋಯಿತು.

ಬಾಟಲಿ ತೊಳೆಯುವ, ತುಂಬುವ, ಮುಚ್ಚಳ ಬಿಗಿಯುವ ಮೂರೂ ಕಾರ್ಯಗಳನ್ನು ಒಟ್ಟಿಗೆ ಮಾಡುವ ಸಾಧಾರಣ ಯಂತ್ರ ನಿಮಿಷಕ್ಕೆ 60 ಬಾಟಲಿ ತುಂಬುತ್ತದೆ ಎಂದಿಟ್ಟುಕೊಳ್ಳೋಣ. ಮುಚ್ಚಳ ಸಿಕ್ಕಿಕೊಂಡು, ಅದನ್ನು ಬಿಡಿಸಲು ಅರಿಯದ ಹೊಸಬ ಹತ್ತು ನಿಮಿಷ ತಡಬಡಾಯಿಸಿದರೆ 600 ಬಾಟಲಿ, ಎಂದರೆ 12ರ ಲೆಕ್ಕದಲ್ಲಿ 50 ಪೆಟ್ಟಿಗೆ ಹೋಯಿತು. ಪಾಳಿಯೊಂದರಲ್ಲಿ ಹೀಗೆ ಆರು ಬಾರಿ ನಿಂತರೆ 300 ಪೆಟ್ಟಿಗೆ. ತಿಂಗಳಿಗೆ 25 ದಿನವೆಂದರೆ 7,500. ಪೆಟ್ಟಿಗೆಗೆ ಹತ್ತೇ ರೂಪಾಯಿ ಉಳಿಯುವುದೆಂದು ಹಿಡಿದರೂ 75,000 ರೂಪಾಯಿ ಕಳೆದಂತೆ. ಇನ್ನೊಂದೆಡೆ, ಜನವರಿಯಿಂದಲೇ ಐದು ಮಂದಿಯನ್ನು ದಿನಕ್ಕೆ 600 ರೂಪಾಯಿಯಂತೆ 26 ದಿನ ಇಟ್ಟುಕೊಂಡು ಪಳಗಿಸಿದರೆ ತಗಲುವ ವೆಚ್ಚ 78,000. ವೇತನದ ದರ ಊರಿಂದೂರಿಗೆ ಬದಲಾದೀತು, ಲೆಕ್ಕದ ದಿಕ್ಕು ಬದಲಾಗದು. ಒಂದೇ ತಿಂಗಳ ಸುಗಮ ಓಟದಲ್ಲಿ ಆ ಹಣ ಬಹುತೇಕ ಮರಳುತ್ತದೆ. ಉಳಿದ ಮೂರು ತಿಂಗಳು ಲಾಭವೇ.

ಎಲ್ಲರನ್ನೂ ಮುಂಚಿತವಾಗಿ ಸಂಬಳದ ಮೇಲೆ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಲಾರರು. ಹದಿನೈದು ಮಂದಿಯ ಘಟಕದಲ್ಲಿ ನಿಜಕ್ಕೂ ಪಳಗಿರಬೇಕಾದವರು ಐದು ಜನ: ತುಂಬುವ ಯಂತ್ರ ನಡೆಸುವವ, ಅವನ ಸಹಾಯಕ, ಬಾಟಲಿ ಊದುವ ಯಂತ್ರದವ, ಬೆಳಕಿನ ಮುಂದೆ ಕುಳಿತು ಕಸ-ಕೂದಲು ನೋಡಿ ಬಾಟಲಿ ಹೊರತೆಗೆಯುವವರು ಇಬ್ಬರು. ಈ ಕೊನೆಯ ಇಬ್ಬರನ್ನು ಅಗ್ಗದ ಆಳುಗಳೆಂದು ಎಣಿಸುವ ರೂಢಿ ಬಹಳ ಕಡೆ ಇದೆ. ಗ್ರಾಹಕನ ಕೈಗೆ ಹೊಲಸು ಬಾಟಲಿ ಹೋಗದಂತೆ ತಡೆಯುವ ಕಣ್ಣುಗಳು ಅವೇ ಆಗಿರುವಾಗ ಈ ಎಣಿಕೆ ವಿಚಿತ್ರವಾದುದು. ಬೇಸಿಗೆಗೆ ಮುನ್ನ ಯಂತ್ರ ಬಿಚ್ಚಿ ತೊಳೆದು ಜೋಡಿಸುವ ಕೆಲಸ ಹೇಗೂ ಇರುತ್ತದೆ. ಅದನ್ನು ಹೊರಗಿನ ಮೆಕ್ಯಾನಿಕ್ ಒಬ್ಬನೇ ಮಾಡಿ ಹೋಗುವ ಬದಲು ಈ ಐವರು ಪಕ್ಕದಲ್ಲಿ ನಿಂತು ಕೈಜೋಡಿಸಿದರೆ ಅದೇ ತರಬೇತಿ. ಯಂತ್ರದೊಡನೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಅದರ ನಾಲ್ಕು ಪುಟಗಳನ್ನಾದರೂ ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ.

ಆಹಾರ ಸುರಕ್ಷತೆಯ ನಿಯಮಗಳೂ ಇದೇ ಕಡೆಗೆ ಬೆರಳು ತೋರಿಸುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಪ್ಯಾಕೇಜ್ ಮಾಡಿದ ಕುಡಿಯುವ ನೀರಿಗೆ ಬಿಐಎಸ್ ಪ್ರಮಾಣಪತ್ರ ಕಡ್ಡಾಯವೆಂಬ ನಿಬಂಧನೆಯನ್ನು ಕೈಬಿಟ್ಟಾಗ ಹಲವರು ಭಾರ ಇಳಿಯಿತೆಂದು ನಿಟ್ಟುಸಿರು ಬಿಟ್ಟರು. ಮರುತಿಂಗಳೇ ಪ್ರಾಧಿಕಾರ ಅದೇ ನೀರನ್ನು ಹೆಚ್ಚು ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿತು. ಆಹಾರ ಮುಟ್ಟುವ ಪ್ರತಿಯೊಬ್ಬ ಕಾರ್ಮಿಕನಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಕರುಳಿನ ಸೋಂಕುಗಳ ವಿರುದ್ಧ ಲಸಿಕೆ, ಅವುಗಳ ದಾಖಲೆ. 25 ಮಂದಿಗೆ ಒಬ್ಬರಂತೆ ತರಬೇತಿ ಪಡೆದ ಮೇಲ್ವಿಚಾರಕ. ವಾರಕ್ಕೊಮ್ಮೆ ಮುಖ ಬದಲಾಗುವ ಗುತ್ತಿಗೆಯ ತಂಡದಲ್ಲಿ ಈ ದಾಖಲೆಗಳನ್ನು ಪ್ರಾಮಾಣಿಕವಾಗಿ ಇಡುವುದು ಸಾಧ್ಯವೇ? ಸಾಧ್ಯವಿಲ್ಲವೆಂದು ಕಾಗದ ತುಂಬಿದವರಿಗೂ ಗೊತ್ತು, ನೋಡಿ ಹೋದವರಿಗೂ ಗೊತ್ತು. ತಪಾಸಣೆಯ ದಿನ ಕೈಬೆರಳಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡು ಕ್ಯಾನ್ ತೊಳೆಯುತ್ತಿರುವವನ ಹೆಸರು ಹಾಜರಿ ಪುಸ್ತಕದಲ್ಲೇ ಇರದಿದ್ದರೆ ಪರವಾನಗಿದಾರನು ಗುತ್ತಿಗೆದಾರನ ಕಡೆಗೆ ಕೈ ತೋರಿಸಿ ಪಾರಾಗಲಾರ.

ಕಾನೂನಿನ ಮಾತು ಬಂದಿರುವುದರಿಂದ ಇನ್ನೊಂದು ವಿಷಯ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಬಗ್ಗೆ ಕಾರ್ಮಿಕ ಸಂಘಗಳ ಆಕ್ಷೇಪಗಳು ಏನೇ ಇರಲಿ, ಋತುಮಾನದ ಸಣ್ಣ ಉದ್ಯಮಕ್ಕೆ ಎರಡು ಅಂಶ ನೇರವಾಗಿ ಸಂಬಂಧಿಸಿವೆ. ನೇಮಕಾತಿ ಪತ್ರ ಕೊಡಬೇಕೆಂಬುದು ಒಂದು. ನಿಗದಿತ ಅವಧಿಯ ನೇಮಕಕ್ಕೆ ಸ್ಪಷ್ಟ ಮಾನ್ಯತೆ ಮತ್ತೊಂದು. ಆ ಅವಧಿಯಲ್ಲಿ ಕಾಯಂ ಕಾರ್ಮಿಕನಿಗಿರುವ ಸೌಲಭ್ಯಗಳನ್ನೇ ಇವನಿಗೂ ಕೊಡಬೇಕು. ಹೀಗಿರುವಾಗ ಜನವರಿಯಿಂದ ಜೂನ್‌ವರೆಗೆಂದು ದಿನಾಂಕ ನಮೂದಿಸಿ ನೇರವಾಗಿ ನೇಮಿಸಿಕೊಳ್ಳಲು ಮಾಲೀಕನಿಗೆ ಅಂಜಿಕೆ ಏಕೆ? ಗುತ್ತಿಗೆದಾರನಿಗೆ ಕೊಡುವ ಕಮಿಷನ್ನೂ ಉಳಿಯುತ್ತದೆ. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಘಟಕಕ್ಕೆ ಇಎಸ್‌ಐ ಅನ್ವಯಿಸುತ್ತದೆ. 2019ರ ಜುಲೈನಲ್ಲಿ ಗೊತ್ತುಪಡಿಸಿದ ದರದಂತೆ ಮಾಲೀಕನ ಪಾಲು ಶೇ 3.25, ಕಾರ್ಮಿಕನದು ಶೇ 0.75. ತಿಂಗಳಿಗೆ 15,000 ರೂಪಾಯಿ ವೇತನದ ಮೇಲೆ ಮಾಲೀಕ ಕಟ್ಟುವುದು 487 ರೂಪಾಯಿ 50 ಪೈಸೆ. ಕಲಬುರಗಿಯ ಸೇಡಂ ರಸ್ತೆಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಪುಣೆಯ ಮುಕಾದಮ ಕೊಡಲಾಗದ ಆಕರ್ಷಣೆ ಇದು. ಅದನ್ನು ಹೇಳಿಕೊಳ್ಳುವ ಜಾಣತನವನ್ನು ಮಾತ್ರ ಮಾಲೀಕರು ತೋರಿಲ್ಲ.

ಮುಂಗಡದ ವಿಷಯದಲ್ಲಿ ಮುಕಾದಮನನ್ನು ಅನುಕರಿಸಬಾರದು. ಸಾಲ ತೀರುವವರೆಗೆ ಬಿಟ್ಟುಹೋಗುವಂತಿಲ್ಲವೆಂದು ದುಡಿಸಿಕೊಳ್ಳುವುದು 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಯಡಿ ಅಪರಾಧ. ಹಬ್ಬದ ಮುಂಚೆ ನೇಮಕಾತಿ ಪತ್ರ, ಸೇರುವ ದಿನಾಂಕ, ಮೊದಲ ತಿಂಗಳು ಪೂರೈಸಿದವರಿಗೆ ಪ್ರೋತ್ಸಾಹ ಧನ, ಮುಂದಿನ ಹಂಗಾಮಿಗೂ ಅವರನ್ನೇ ಕರೆಯುವ ಭರವಸೆ: ಇಷ್ಟು ಕೊಟ್ಟರೆ ಊರಲ್ಲಿ ಉಳಿಯಲು ಬಯಸುವವರು ಸಾಕಷ್ಟಿದ್ದಾರೆ. ಮಕ್ಕಳ ಶಾಲೆ ಬಿಡಿಸಿ ಮಾರ್ಚ್ ಪರೀಕ್ಷೆಗೆ ಮುನ್ನವೇ ಸಂಸಾರ ಕಟ್ಟಿಕೊಂಡು ಹೊರಡುವುದು ಯಾರಿಗೂ ಹಿತವಾದ ಸಂಗತಿಯಲ್ಲ. ಪುಣೆಯ ಕೂಲಿ ಹೆಚ್ಚೆಂಬುದು ನಿಜ. ಅಲ್ಲಿನ ಬಾಡಿಗೆ, ಪ್ರಯಾಣ, ಮುಕಾದಮನ ಕಡಿತಗಳನ್ನು ತೆಗೆದು ನೋಡಿದರೆ ಅಂತರ ಅಷ್ಟು ದೊಡ್ಡದಾಗಿ ಉಳಿಯುವುದಿಲ್ಲ. ಆದರೆ ಇಲ್ಲಿನ ವೇತನ ತೀರಾ ಕೆಳಗಿದ್ದರೆ ಯಾವ ಪತ್ರವೂ ಕಾರ್ಮಿಕನನ್ನು ಹಿಡಿದಿಡದು.

ಮಹಿಳೆಯರ ನೇಮಕದಲ್ಲಿ ಈ ಭಾಗದ ಘಟಕಗಳು ಹಿಂದುಳಿದಿರುವುದಕ್ಕೆ ಸಮರ್ಥನೆ ಕಾಣದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಹಳ್ಳಿಯ ಹೆಣ್ಣುಮಗಳೊಬ್ಬಳು ಸೇಡಂ ಅಥವಾ ಚಿತ್ತಾಪುರಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲದೆ ಬಂದುಹೋಗಬಲ್ಲಳು. ಪಾಳಿ ಬೆಳಿಗ್ಗೆ ಆರಕ್ಕೆ ಶುರುವಾಗಿ ಬಸ್ಸು ಏಳೂವರೆಗೆ ಬರುವಂತಿದ್ದರೆ ಆ ಸೌಲಭ್ಯ ಕಾಗದದ ಮೇಲೆಯೇ ಉಳಿಯುತ್ತದೆ. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲವೂ ಸಿಕಂದರಾಬಾದ್ ರೈಲು ಮಾರ್ಗದ ಮೇಲಿವೆ, ಶಹಾಬಾದ್ ಸೋಲಾಪುರ ಮಾರ್ಗದ ಮೇಲಿದೆ. ಅಲ್ಲಿಯ ಘಟಕಗಳು ಪಾಳಿಯ ವೇಳೆಯನ್ನು ರೈಲು-ಬಸ್ಸುಗಳ ವೇಳೆಗೆ ಹೊಂದಿಸಿಕೊಂಡರೆ ಹತ್ತಿಪ್ಪತ್ತು ಮೈಲಿ ಸುತ್ತಳತೆಯ ಜನ ಒದಗುತ್ತಾರೆ. ರೈಲು ಇಲ್ಲದ ಚಿಂಚೋಳಿಯಲ್ಲಿ ಮಾತ್ರ ಬೇರೆ ದಾರಿಯಿಲ್ಲ, ತಾಂಡಾದಿಂದ ಘಟಕಕ್ಕೆ ವಾಹನ ಕಳುಹಿಸಲೇಬೇಕು.

ಸ್ಥಳೀಯರಿಗೇ ಉದ್ಯೋಗ ಎಂಬ ಚರ್ಚೆ ಸರೋಜಿನಿ ಮಹಿಷಿ ವರದಿಯ ಕಾಲದಿಂದ ನಡೆದಿದೆ. 371-ಜೆ ವಿಧಿ ಸರ್ಕಾರಿ ನೌಕರಿಗೂ ಶಿಕ್ಷಣಕ್ಕೂ ಸಂಬಂಧಿಸಿದ್ದು, ಖಾಸಗಿ ಘಟಕ ಅದರ ಹೊರಗಿದೆ. ವ್ಯವಸ್ಥಾಪಕ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮ ವಲಯದ ವಿರೋಧ ಎದ್ದೊಡನೆ ತಡೆಹಿಡಿಯಿತು. ಹದಿನೈದು ಮಂದಿಯ ನೀರಿನ ಘಟಕಕ್ಕೆ ಈ ಶೇಕಡಾವಾರು ಲೆಕ್ಕದಿಂದ ಆಗುವುದು ಅಷ್ಟಕ್ಕಷ್ಟೆ. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಹುಡುಗನನ್ನು ದೂರುವುದೂ ಅನ್ಯಾಯ. ಸೇಡಂ ತಾಲ್ಲೂಕಿನ ಹುಡುಗ ಪುಣೆಯಲ್ಲಿ ಇರುವ ಕಾರಣಕ್ಕೇ ಅವನೂ ಇಲ್ಲಿದ್ದಾನೆ.

ಮಾಲೀಕರ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮದುವೆ ಮತ್ತು ಜಾತ್ರೆಗಳು ಬರುವುದೂ ಏಪ್ರಿಲ್-ಮೇ ತಿಂಗಳಲ್ಲೇ. ಸ್ಥಳೀಯನಿಗೆ ಅಣ್ಣನ ಮದುವೆ, ಅತ್ತೆಯ ಮನೆಯ ಜಾತ್ರೆ, ದೇವರ ಕಾರ್ಯ ತಪ್ಪದು. ಹೊರರಾಜ್ಯದವನಿಗೆ ಆ ತಾಪತ್ರಯವಿಲ್ಲ. ರಜೆ ಕೊಡುವುದಿಲ್ಲವೆಂದರೆ ಹೇಳದೆ ಹೋಗುತ್ತಾನೆ. ಹದಿನೈದು ಜನ ಬೇಕಾದಲ್ಲಿ ಹದಿನೇಳು ಜನರನ್ನು ಇಟ್ಟುಕೊಂಡು, ಫೆಬ್ರುವರಿಯಲ್ಲೇ ಮದುವೆಯ ತಾರೀಖುಗಳನ್ನು ಕೇಳಿ ಬರೆದುಕೊಂಡು ರಜೆಯ ಸರದಿ ಮಾಡುವುದೊಂದೇ ಇದಕ್ಕಿರುವ ಉಪಾಯ. ಆ ಇಬ್ಬರ ವೇತನ ಹೊರೆಯೇ ಸರಿ. ಒಂದು ಲೀಟರ್ ರೈಲ್ ನೀರ್ ಬೆಲೆ 2025ರ ಸೆಪ್ಟೆಂಬರ್ 22ರಿಂದ 15ರಿಂದ 14 ರೂಪಾಯಿಗೆ ಇಳಿದಂಥ ಮಾರುಕಟ್ಟೆಯಲ್ಲಿ ಆ ಹೊರೆಯನ್ನು ಬೆಲೆಗೆ ಸೇರಿಸುವುದೂ ಸುಲಭವಲ್ಲ. ನಿಂತ ಯಂತ್ರದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅದು ಸಹ್ಯವೆನಿಸುತ್ತದೆ.

ಒಂದೊಂದು ಘಟಕ ಪ್ರತ್ಯೇಕವಾಗಿ ಮಾಡಲಾಗದ ಕೆಲಸಗಳನ್ನು ವಾಣಿಜ್ಯ ಮಂಡಳಿ ವಹಿಸಿಕೊಳ್ಳಬೇಕಾದದ್ದು ಉಚಿತ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಂತೆ 30 ಮಂದಿಗಿಂತ ಕಡಿಮೆಯಿರುವ ಘಟಕಕ್ಕೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಐಚ್ಛಿಕ. ತೆಗೆದುಕೊಂಡರೆ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಲ್ಲೇ ಆರಂಭವಾಗಿದೆ. ಐಟಿಐ ಫಿಟ್ಟರ್ ಹುಡುಗರ ಪಟ್ಟಿಯನ್ನು ಪ್ರಾಚಾರ್ಯರಿಂದ ಪಡೆದು ಸದಸ್ಯರಿಗೆ ಹಂಚುವುದು ಒಂದು ದಿನದ ಕೆಲಸ. ಈ ಹುಡುಗರಿಗೆ ಮಳೆಗಾಲದಲ್ಲಿ ಸಿಮೆಂಟ್ ಕಾರ್ಖಾನೆಗಳ ವಾರ್ಷಿಕ ದುರಸ್ತಿಯಲ್ಲೂ ಕೆಲಸ ದೊರೆಯುವ ಅವಕಾಶವಿದೆಯಾದ್ದರಿಂದ ಜೂನ್ ನಂತರ ಏನು ಎಂಬ ಪ್ರಶ್ನೆಗೂ ಉತ್ತರ ಸಿಕ್ಕೀತು. ಆಹಾರ ಸುರಕ್ಷತಾ ಮೇಲ್ವಿಚಾರಕರ ತರಬೇತಿಯನ್ನು ಸೇಡಂನಲ್ಲೊಂದು, ಶಹಾಬಾದಿನಲ್ಲೊಂದು ಕಡೆ ಒಟ್ಟಾಗಿ ಏರ್ಪಡಿಸಬಹುದು. ನಿಗದಿತ ಅವಧಿಯ ನೇಮಕಾತಿ ಪತ್ರದ ಮಾದರಿಯೊಂದನ್ನು ಕಾರ್ಮಿಕ ಇಲಾಖೆಯವರಿಗೆ ತೋರಿಸಿ, ಓದಿದರೆ ತಿಳಿಯುವಂಥ ಕನ್ನಡದಲ್ಲಿ ಒಂದೇ ಪುಟಕ್ಕೆ ಮೀರದಂತೆ ಅಚ್ಚು ಹಾಕಿಸಬೇಕು. ಅದು ಸದಸ್ಯರ ಕೈ ಸೇರಬೇಕಾದದ್ದು ನವೆಂಬರ್ ಮುಗಿಯುವುದರೊಳಗೆ. ಡಿಸೆಂಬರಿನಲ್ಲಿ ತೊಗರಿ ಕಟಾವು ಶುರುವಾದರೆ ಮುಕಾದಮರು ತಾಂಡಾಗಳಲ್ಲಿರುತ್ತಾರೆ.